ಪ್ರವಾದಿಯೊಳಗಿನ ವಾದಿ

ಹೊಸಕೋಟೆ, ದೇವನಹಳ್ಳಿ ಕಡೆಯ ಕಾಂಪೌಂಡು ಗೋಡೆಗಳ ಮೇಲೆ ಕೋಚಿಂಗ್ ಸೆಂಟರು, ಮೂಲವ್ಯಾಧಿ ಚಿಕಿತ್ಸೆಗಳ ನಡುವೆ ಆಗೀಗ ‘ಪ್ರವಾದನಾ ಕೂಟ’ದ ಪೋಸ್ಟರೂ ಕಾಣುತ್ತದೆ. ಅಂಥ ಕೂಟಕ್ಕೆ ಹೋಗಿಬಂದವರು ‘ಪಾಸ್ಟರು ನಮ್ಮ ಹುಡುಗನಿಗೆ ಪ್ರವಾದನೆ ಹೇಳಿದ್ರು’ ಅಂದರೆ ಅರ್ಥ ಇಷ್ಟೇ: ವೀಸಾ ಬರುತ್ತದೆ, ಕೋರ್ಟಿನ ವ್ಯಾಜ್ಯ ಮುಗಿಯುತ್ತದೆ, ವರ್ಷದೊಳಗೆ ಮದುವೆ. ಹಾಲಕ್ಕಿ ನುಡಿಯಿತು ಎಂದು ನಸುಕಿನಲ್ಲಿ ಬಾಗಿಲಿಗೆ ಬರುವ ಬುಡಬುಡಿಕೆಯವನದೂ ಇದೇ ಕೆಲಸ. ‘ಪ್ರವಾದಿ’ ಸವೆದು ಸವೆದು ಮುಂದಾಗುವುದನ್ನು ಹೇಳುವವನಾಗಿದ್ದಾನೆ.

ಹೀಗೆ ಸವೆದದ್ದು ಕನ್ನಡದ ತಪ್ಪೇನಲ್ಲ. ಬೈಬಲಿನ ಮೊದಲನೆಯ ಸಮುವೇಲನ ಪುಸ್ತಕದ ಒಂಬತ್ತನೇ ಅಧ್ಯಾಯದಲ್ಲಿ ಸೌಲ ಅಪ್ಪನ ತಪ್ಪಿಸಿಕೊಂಡ ಕತ್ತೆಗಳಿಗಾಗಿ ಊರೂರು ಅಲೆದು, ಆಳಿನ ಹತ್ತಿರವಿದ್ದ ಕಾಲು ಶೆಕೆಲ್ ಬೆಳ್ಳಿಯನ್ನು ಕಾಣಿಕೆಯಾಗಿಟ್ಟುಕೊಂಡು ದೇವರ ಮನುಷ್ಯನನ್ನು ಕೇಳಲು ಹೊರಡುತ್ತಾನೆ. ಕಥೆಯನ್ನು ಅಲ್ಲೇ ನಿಲ್ಲಿಸಿ ಬರೆದವನು ಒಂದು ಟಿಪ್ಪಣಿ ಸೇರಿಸುತ್ತಾನೆ: ಈಗ ‘ನಾವೀ’ ಎನಿಸಿಕೊಳ್ಳುವವನಿಗೆ ಹಿಂದಿನವರು ‘ರೋಎ’ ಅನ್ನುತ್ತಿದ್ದರು. ರೋಎ ಎಂದರೆ ಕಾಣುವವನು. ಕಳೆದ ಕತ್ತೆ ಎಲ್ಲಿದೆ ಎಂದು ಹೇಳಬಲ್ಲವನು. ನಾವೀ ಬೇರೆ. ಅದನ್ನು ‘ಕರೆ’ ಎಂಬರ್ಥದ ಅಕ್ಕಾಡಿಯನ್ ಧಾತುವಿಗೆ ಜೋಡಿಸುತ್ತಾರೆ. ಅರಬಿಯ ನಬಿಯೂ ಅದೇ ವಂಶದ್ದು. ದೊಡ್ಡಬಳ್ಳಾಪುರದ ಸಂತೆಯಲ್ಲಿ ನಬೀಸಾಬರೊಬ್ಬರು ಸಿಕ್ಕರೆ, ಬೈಬಲಿನ ಆಮೋಸ ‘ನಾನು ನಾವೀ ಅಲ್ಲ’ ಎಂದು ತಳ್ಳಿಹಾಕಿದ ಬಿರುದು ಸಿಕ್ಕಿದಂತೆಯೇ. ಮುಸ್ಲಿಮರ ಕನ್ನಡ ಪುಸ್ತಕಗಳಲ್ಲೂ ಮುಹಮ್ಮದರು ‘ಪ್ರವಾದಿ’ಯೇ.

ಹೆಣ್ಣೂರು ದಾರಿಯ ಕೊತ್ತನೂರಿನ ದೇವಶಾಸ್ತ್ರ ಸಂಸ್ಥೆಯಾದ ಸಾಯಾಕ್ಸ್‌ನಲ್ಲಿ, 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಸಭಾಸೇವೆಗೆ ಹೊರಟವರು ನಾವೀಯ ಭಾಷೆಯಾದ ಹೀಬ್ರೂ ಕಲಿಯುತ್ತಾರೆ. ಬಲದಿಂದ ಎಡಕ್ಕೆ 22 ಅಕ್ಷರ, ಎಲ್ಲವೂ ವ್ಯಂಜನ. ಸ್ವರಕ್ಕೆ ಕೆಳಗೆ ಮೇಲೆ ಚುಕ್ಕಿ. ಕಾಗುಣಿತ ಬಲ್ಲವರಿಗೆ ಅದು ಕಷ್ಟವಲ್ಲ. ಪಾಠ ಇಂಗ್ಲಿಷಿನಲ್ಲಿ ನಡೆಯುವುದೇ ಕಷ್ಟ. ಮುಂದೆ ಆಗುವುದನ್ನು ಆಗಿಹೋದ ರೂಪದಲ್ಲಿ ಹೇಳುವ ಪ್ರವಾದಿಗಳ ಕ್ರಿಯಾಪದಕ್ಕೆ ಇಂಗ್ಲಿಷ್ ವ್ಯಾಕರಣಗಳು ಪ್ರತ್ಯೇಕ ಹೆಸರಿಟ್ಟು ವಿವರಣೆ ಕೊಡುತ್ತವೆ. ನೆಲಮಂಗಲದ ಹೋಟೆಲಿನ ಹುಡುಗ ಅಡುಗೆಮನೆ ಕಡೆ ತಿರುಗುವ ಮೊದಲೇ ‘ತಂದೆ ಸಾರ್’ ಅನ್ನುತ್ತಾನಲ್ಲ, ಅದೇ ಇದು. ಇಸ್ಪೀಟಿಗೆ ಕೂತ ಮಗನಿಗೆ ತಾಯಿ ‘ಕೆಟ್ಟೆ ಕಣೋ’ ಅನ್ನುತ್ತಾಳೆ, ಅವನಿನ್ನೂ ಕೆಟ್ಟಿರುವುದಿಲ್ಲ. ಇಸ್ರಾಯೇಲಿನ ರಾಜಧಾನಿ ಸಮಾರ್ಯ ಬಿದ್ದದ್ದು ಕ್ರಿ.ಪೂ. 722ರ ಸುಮಾರಿಗೆ. ಅದಕ್ಕೂ ಹಲವು ವರ್ಷ ಮೊದಲು, ಊರು ಉಂಡುಟ್ಟು ಚೆನ್ನಾಗಿದ್ದಾಗಲೇ, ಆಮೋಸ ಇಸ್ರಾಯೇಲು ಬಿದ್ದಳು ಎಂದು ಸಾವಿನ ಮನೆಯ ಧಾಟಿಯಲ್ಲಿ ಹಾಡಿದ. ಅದು ಕಣಿಯಲ್ಲ, ತಾಯಿ ಹೇಳಿದ ‘ಕೆಟ್ಟೆ’. ಕನ್ನಡದವರಿಗೆ ಇದನ್ನು ಇಂಗ್ಲಿಷಿನ ಮೂಲಕ ಕಲಿಸುವುದು ಸುತ್ತುಬಳಸಿನ ದಾರಿ ಅನಿಸುತ್ತದೆ.

ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಹೊಸಕೋಟೆಯಂಥ ಸೀಮೆಯಲ್ಲಿ ಒಬ್ಬನೇ ಯೆಶಾಯನಿಗೆ ಮೂರು ಹುದ್ದೆ. ತಮಿಳಿನವರಿಗೆ ಅವನು ತೀರ್ಕದರಿಸಿ, ಅಂದರೆ ನಮ್ಮ ದೀರ್ಘದರ್ಶಿ, ದೂರ ಕಾಣುವವನು. ಆ ಪದ ರೋಎಗೆ ಹತ್ತಿರ. ತೆಲುಗಿನವರಿಗೆ ಪ್ರವಕ್ತ, ಮಾತಾಡುವವನು. ಕನ್ನಡದವನ ಹೊಟ್ಟೆಯಲ್ಲಿ ಮಾತ್ರ ‘ವಾದಿ’ ಕೂತಿದ್ದಾನೆ. ಇವನು ಹಳೆಯ ಆಸಾಮಿ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಪರವಾದಿಮಲ್ಲನೆಂಬ ಜೈನ ಗುರುವಿನ ಹೆಸರಿದೆ: ಎದುರುವಾದಿಗಳನ್ನು ಮಣಿಸುವ ಜಟ್ಟಿ. ರಾಜಸಭೆಯಲ್ಲಿ ವಾದ ಹೂಡಿ ಗೆದ್ದವರ ಲೋಕ ಅದು. ಈಗ ವಾದಿ ತಾಲ್ಲೂಕು ಕೋರ್ಟಿನಲ್ಲಿ ಪ್ರತಿವಾದಿಯ ಎದುರು ನಿಲ್ಲುತ್ತಾನೆ.

ಹೀಬ್ರೂ ಪ್ರವಾದಿಗಳನ್ನು ಮೂಲದಲ್ಲಿ ಓದುವವರಿಗೆ ಮತ್ತೆ ಮತ್ತೆ ಎದುರಾಗುವ ಮಾತು ‘ರೀವ್’. ಅಂದರೆ ವ್ಯಾಜ್ಯ, ದಾವೆ. ಹೋಶೇಯ, ಮೀಕ, ಯೆರೆಮೀಯ ಎಲ್ಲರಲ್ಲೂ ದೇವರು ತನ್ನ ಜನರ ಮೇಲೆ ಹೂಡುವ ದಾವೆಯಿದೆ. ಅದನ್ನು ಮಂಡಿಸುವವನು ಪ್ರವಾದಿ. ಮೀಕನ ಆರನೇ ಅಧ್ಯಾಯದಲ್ಲಿ ವಾದ ಕೇಳಲು ಬೆಟ್ಟಗಳನ್ನೇ ಕರೆಸುತ್ತಾರೆ. ಊರಿನ ಹೊಲವನ್ನೆಲ್ಲ ತಮ್ಮದೇ ಪಹಣಿಗೆ ಸೇರಿಸಿಕೊಂಡವರ ಮೇಲೆ ಯೆಶಾಯ ಐದನೇ ಅಧ್ಯಾಯದಲ್ಲಿ ಹೂಡುವ ಆರೋಪ ಶುರುವಾಗುವುದೇ ‘ಹೋಯ್’ ಎಂಬ ಕೂಗಿನಿಂದ. ದಾರಿಹೋಕನನ್ನು ಕರೆಯುವ ನಮ್ಮ ಹೋಯ್ ಅಲ್ಲ, ಹೆಣದ ಮುಂದೆ ಹಾಕುವ ಗೋಳು. ಜಮೀನುದಾರರು ಬದುಕಿರುವಾಗಲೇ ಅವರ ಶವಸಂಸ್ಕಾರಕ್ಕೆ ಕೂತಂತೆ ಮಾತಾಡುತ್ತಾನೆ. ಅನುವಾದದ ಸಣ್ಣ ‘ಅಯ್ಯೋ’ದಲ್ಲಿ ಈ ಕಟಕಿ ಅರ್ಧ ಇಳಿದುಹೋಗುತ್ತದೆ.

ಹೊಲದ ವ್ಯಾಜ್ಯ ನಮ್ಮಲ್ಲೂ ಉಂಟು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ಕೊಡುವುದಿಲ್ಲವೆಂದು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು. ಆ ಸೀಮೆಯ ಸಭಾಪಾಲಕನೊಬ್ಬ ಯೆಶಾಯನ ಐದನೇ ಅಧ್ಯಾಯದ ಮೇಲೆ ಪ್ರಸಂಗ ಮಾಡುವುದಾದರೆ, ವೀಸಾ, ಮದುವೆ ಕೇಳಲು ಬಂದವರ ಮುಂದೆಯೂ ಪಹಣಿಯ ಮಾತೇ ಎತ್ತಬೇಕಾಗುತ್ತದೆ. ಸಾಕ್ಷಿಗೆ ಬೆಟ್ಟ ಬೇಕೆಂದರೆ ನಂದಿ ಹತ್ತಿರದಲ್ಲೇ ಇದೆ.