ಗೀರು ಬೀಳದ ಹಾಗೆ: ಯುದ್ಧವಿಮಾನದ ಕ್ಯಾನೊಪಿ ಬೆಳೆದು ಬಂದ ದಾರಿ

ಸವಡಿ, ರೋಣ, ಗಜೇಂದ್ರಗಡದ ಯಾವ ಓಣಿಗೆ ಹೋದರೂ ಕಣ್ಣಿನ ಪೊರೆ ತೆಗೆಸಿ ಮಸೂರ ಹಾಕಿಸಿಕೊಂಡ ಹಿರಿಯರು ಸಿಗುತ್ತಾರೆ. ಆ ಮಸೂರದ ಕಥೆ ಶುರುವಾದದ್ದು ಯುದ್ಧವಿಮಾನದಲ್ಲಿ. 1940ರಲ್ಲಿ ಬ್ರಿಟಿಷ್ ಪೈಲಟ್ ಗಾರ್ಡನ್ ಕ್ಲೀವರ್ ಅವರ ಹರಿಕೇನ್ ವಿಮಾನಕ್ಕೆ ಗುಂಡು ತಗುಲಿ, ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಿಗೆ ಸಿಡಿದು, ಚೂರುಗಳು ಅವರ ಕಣ್ಣೊಳಗೆ ಹೊಕ್ಕವು. ಕಣ್ಣು ಆ ಚೂರುಗಳನ್ನು ಸಹಿಸಿಕೊಂಡದ್ದನ್ನು ನೇತ್ರತಜ್ಞ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಅವರು ಅದೇ ಬಗೆಯ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಮಸೂರವನ್ನು ರೋಗಿಯೊಬ್ಬರ ಕಣ್ಣಿಗೆ ಕೂರಿಸಿದರು.

ಆ ಮುಚ್ಚಿಗೆಗೇ ಕ್ಯಾನೊಪಿ ಎನ್ನುವುದು. ಅದರ ಚರಿತ್ರೆಯನ್ನು ವಿನ್ಯಾಸಕಾರರ ಸಾಧನೆಯಾಗಿ ಬರೆಯುವುದು ರೂಢಿ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ: ಪೈಲಟ್ಟಿನ ನೋಟ ವಿಶಾಲವಾದಷ್ಟೂ ನೆಲದ ಮೇಲೆ ಆ ನೋಟವನ್ನು ಕಾಯುವವರ ಕೆಲಸ ಕಠಿಣವಾಗುತ್ತ ಬಂದಿದೆ.

ಮೊದಲ ಮಹಾಯುದ್ಧದ ಪೈಲಟ್ಟುಗಳು ಕನ್ನಡಕ ಹಾಕಿಕೊಂಡು ಬಯಲು ಗಾಳಿಯಲ್ಲೇ ಹಾರಿದರು. ವೇಗ ಹೆಚ್ಚಿದ ಮೇಲೆ ತಲೆಗೆ ಮರೆ ಬೇಕಾಯಿತು. 1930ರ ದಶಕದಲ್ಲಿ ಜರ್ಮನಿಯ ಪ್ಲೆಕ್ಸಿಗ್ಲಾಸ್, ಇಂಗ್ಲೆಂಡಿನ ಪರ್ಸ್‌ಪೆಕ್ಸ್ ಎಂಬ ಹೆಸರುಗಳಲ್ಲಿ ಬಂದ ಅಕ್ರಿಲಿಕ್, ಗಾಜಿನ ಅರ್ಧಕ್ಕಿಂತ ಕಡಿಮೆ ತೂಗುತ್ತಿತ್ತು. ಕಾಯಿಸಿದರೆ ಬೇಕಾದ ಆಕಾರಕ್ಕೆ ಬಾಗುತ್ತಿತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಚೌಕಟ್ಟಿನ ಸರಳುಗಳು ಮರೆಯಾಗಿ, ಸುತ್ತಲೂ ಕಾಣುವ ಗುಳ್ಳೆಯಾಕಾರದ ಕ್ಯಾನೊಪಿ ಬಂದಿತ್ತು. ಜೆಟ್ ಯುಗದಲ್ಲಿ ಅಕ್ರಿಲಿಕ್ಕನ್ನು ಎರಡೂ ದಿಕ್ಕಿಗೆ ಎಳೆದು ಹಿಗ್ಗಿಸಿ, ಬಿರುಕು ಸುಲಭವಾಗಿ ಹಬ್ಬದಂತೆ ಮಾಡಿದರು. ಆಮೇಲೆ ಅಮೆರಿಕದ ಎಫ್-16 ಯುದ್ಧವಿಮಾನ ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್ಕನ್ನು ಆರಿಸಿಕೊಂಡಿತು. ಹಕ್ಕಿ ಬಡಿದರೂ ಅದು ಸುಲಭಕ್ಕೆ ಒಡೆಯದು. ಆದರೆ ಅದರ ಮೈ ಮೆದು, ಬೇಗ ಗೀರು ಬೀಳುತ್ತದೆ. ಹಾಗಾಗಿ ಮೇಲೆ ರಕ್ಷಣಾ ಲೇಪ ಬೇಕು, ಆ ಲೇಪವನ್ನೂ ಕಾಯಬೇಕು.

ಕರ್ನಾಟಕಕ್ಕೆ ಈ ವಿದ್ಯೆ ಬಂದದ್ದು ಬೆಂಗಳೂರಿನ ಮೂಲಕ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹಿರಾಚಂದ್ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಅಲ್ಲಿ ವ್ಯಾಂಪೈರ್ ಮತ್ತು ನ್ಯಾಟ್ ಜೆಟ್‌ಗಳು ಪರವಾನಗಿಯ ಮೇಲೆ ತಯಾರಾದವು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಮಾರುತ್ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. 1964ರಲ್ಲಿ ತರಬೇತಿ ವಿಮಾನ ಕಿರಣ್ ಬಂತು. ಇದರಲ್ಲಿ ಗುರು ಶಿಷ್ಯರು ಅಕ್ಕಪಕ್ಕ ಕೂರುವುದರಿಂದ ಕ್ಯಾನೊಪಿ ಅಗಲವಾಯಿತು. 2001ರ ಜನವರಿ 4ರಂದು ತೇಜಸ್ ಯುದ್ಧವಿಮಾನ ಮೊದಲ ಬಾರಿಗೆ ಬೆಂಗಳೂರಿನಿಂದಲೇ ಮೇಲೇರಿತು. ಕಿರಣ್ ನಂತರದ ತರಬೇತಿ ವಿಮಾನವಾದ ಹಾಕ್, 2008ರಿಂದ ನಮ್ಮ ಉತ್ತರದ ಬೀದರಿನಲ್ಲಿದೆ.

ಬೀದರಿನ ರನ್‌ವೇ ಪಕ್ಕದಲ್ಲಿ ಬೇಸಿಗೆಯ ಮಧ್ಯಾಹ್ನ ನಿಂತ ವಿಮಾನದ ಕ್ಯಾನೊಪಿ ಎಷ್ಟು ಕಾಯುತ್ತದೆ ಎಂದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಅದೇ ಕ್ಯಾನೊಪಿ ಕೆಲವೇ ನಿಮಿಷಗಳಲ್ಲಿ 10 ಕಿಲೋಮೀಟರ್ ಎತ್ತರಕ್ಕೆ ಹೋದರೆ ಹೊರಗಿನ ಗಾಳಿ ಮೈನಸ್ 50 ಡಿಗ್ರಿ ಸೆಲ್ಸಿಯಸ್. ಒಳಗಿನ ಒತ್ತಡ ಅದನ್ನು ಹೊರಕ್ಕೆ ದೂಡುತ್ತಿರುತ್ತದೆ. ಕಾವಿಗೆ ಅಕ್ರಿಲಿಕ್ ಹಿಗ್ಗುವುದು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು. ಆದ್ದರಿಂದ ಚೌಕಟ್ಟಿನ ಬೋಲ್ಟುಗಳ ಸುತ್ತ ಅದಕ್ಕೆ ಸರಿದಾಡಲು ಜಾಗ ಬಿಡಬೇಕು. ಬಿಗಿಯಾಗಿರಲಿ ಎಂದು ಯಾರಾದರೂ ಒಂದು ಸುತ್ತು ಹೆಚ್ಚು ತಿರುಗಿಸಿದರೆ ಬಿರುಕು ತೂತಿನ ಅಂಚಿನಿಂದಲೇ ಹೊರಡಬಹುದು.

ಎಲ್ಲಕ್ಕಿಂತ ಕಾಡುವುದು ಕೂದಲೆಳೆಯ ಬಿರುಕು. ವಿಮಾನದ ಮಂದಿ ಅದನ್ನು ಕ್ರೇಜಿಂಗ್ ಎನ್ನುತ್ತಾರೆ. ಬೇಸಿಗೆಯಲ್ಲಿ ಎರೆ ಹೊಲ ಬಿರಿಯುವ ಹಾಗೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗೆರೆಗಳು ಮೂಡುತ್ತವೆ. ಬಿಸಿಲು, ಸೆಳೆತ, ತೇವ ಇದಕ್ಕೆ ಕಾರಣ. ತಪ್ಪು ದ್ರಾವಣ ಬಿದ್ದರಂತೂ ಇನ್ನೂ ಬೇಗ. ಥಿನ್ನರ್, ಅಸಿಟೋನ್, ಪೆಟ್ರೋಲ್, ಅಮೋನಿಯಾ ಬೆರೆತ ಕಿಟಕಿ ಗಾಜಿನ ಕ್ಲೀನರ್ ಯಾವುದೂ ಹತ್ತಿರ ಬರಬಾರದು. ಸೂರ್ಯ ಎದುರಿಗಿದ್ದಾಗ ಈ ಗೆರೆಗಳೆಲ್ಲ ಒಮ್ಮೆಗೇ ಹೊಳೆದು, ದೂರದ ಚುಕ್ಕೆಯೊಂದು ವಿಮಾನವೋ ಕಲೆಯೋ ತಿಳಿಯದಂತಾಗುತ್ತದೆ. ಆ ಅರೆಗಳಿಗೆಯ ಗೊಂದಲಕ್ಕೆ ಪೈಲಟ್ ತೆರಬೇಕಾದ ಬೆಲೆ ದೊಡ್ಡದು.

ಒರೆಸುವುದಕ್ಕೂ ಒಂದು ಶಿಸ್ತು ಇದೆ. ಒಣ ಬಟ್ಟೆಯಿಂದ ತಿಕ್ಕಿದರೆ ಧೂಳಿನ ಕಣವೇ ಗೀರುತ್ತದೆ, ಜೊತೆಗೆ ಸ್ಥಾಯಿ ವಿದ್ಯುತ್ತು ಹುಟ್ಟಿ ಇನ್ನಷ್ಟು ಧೂಳನ್ನು ಎಳೆದುಕೊಳ್ಳುತ್ತದೆ. ಕೈಯ ಉಂಗುರ, ಗಡಿಯಾರ ತೆಗೆದಿಡಬೇಕು. ಮೊದಲು ಧಾರಾಳ ನೀರು ಹಾಯಿಸಬೇಕು, ಆಮೇಲೆ ಮೃದು ಸೋಪಿನ ನೀರು, ಕೊನೆಗೆ ಸ್ವಚ್ಛವಾದ ಮೆತ್ತನೆಯ ಹತ್ತಿ ಬಟ್ಟೆ. ಕೈ ಸುತ್ತಲೂ ಆಡಬಾರದು, ನೇರ ಗೆರೆಯಲ್ಲಿ ಹೋಗಬೇಕು. ಹಕ್ಕಿಯ ಹಿಕ್ಕೆ ಒಣಗಿದ್ದರೆ ಕೆರೆಯದೆ ನೆನೆಸಬೇಕು. ಮುಚ್ಚುವ ಹೊದಿಕೆಯಲ್ಲೇ ಮಣ್ಣು ಸೇರಿದ್ದರೆ ಗಾಳಿಗೆ ಅದೇ ಉಜ್ಜುತ್ತದೆ. ಬೀದರಿನ ಕೆಮ್ಮಣ್ಣಿನ ನಡುವೆ ಇದು ಪ್ರತಿದಿನದ ಕಾಳಜಿ.

ತೆಳುವಾದ ಗೀರನ್ನು ಒಂದಕ್ಕಿಂತ ಒಂದು ನಯವಾದ ಉಜ್ಜು ಬಟ್ಟೆಗಳಿಂದ ಹಂತಹಂತವಾಗಿ ತೆಗೆಯಬಹುದು. ಆದರೆ ಒಂದೇ ಕಡೆ ಹೆಚ್ಚು ತಿಕ್ಕಿದರೆ ಅಲ್ಲಿ ತಗ್ಗು ಬಿದ್ದು, ಆಚೆಯ ನೋಟ ಸೊಟ್ಟಗಾಗುತ್ತದೆ. ಹಾಗಾಗಿ ಚೌಕಳಿ ಗೆರೆಗಳ ಹಲಗೆಯನ್ನು ಎದುರಿಟ್ಟು, ಒಳಗಿನಿಂದ ನೋಡಿದಾಗ ಗೆರೆಗಳು ಬಾಗುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ಗೀರಿನ ಆಳ ಮಿತಿ ಮೀರಿದ್ದರೆ ಪಾಲಿಶ್ ಮಾಡುವ ಮಾತೇ ಇಲ್ಲ, ಹೊಸದನ್ನೇ ಕೂರಿಸಬೇಕು.

ಇಷ್ಟೆಲ್ಲ ಜೋಪಾನ ಮಾಡಿದ ವಸ್ತುವನ್ನು ಆಪತ್ತಿನಲ್ಲಿ ಚೂರುಚೂರು ಮಾಡಬೇಕಾಗುತ್ತದೆ ಎಂಬುದು ಕ್ಯಾನೊಪಿಯ ದೊಡ್ಡ ಸಂಕಟ. ಹಾಕ್‌ನ ಅಕ್ರಿಲಿಕ್ಕಿಗೆ ಸ್ಫೋಟಕ ತುಂಬಿದ ತೆಳು ಹುರಿಯನ್ನು ಅಂಟಿಸಿರುತ್ತಾರೆ. ಪೈಲಟ್ ಇಜೆಕ್ಷನ್ ಹಿಡಿಕೆ ಎಳೆದರೆ ಸೀಟು ಮೇಲೇರುವ ಮೊದಲೇ ಅದು ಸಿಡಿದು ದಾರಿ ಬಿಡಿಸುತ್ತದೆ. ತೇಜಸ್‌ಗಾಗಿ ಈ ವ್ಯವಸ್ಥೆಯನ್ನು ಡಿಆರ್‌ಡಿಓ ಪ್ರಯೋಗಾಲಯಗಳು ದೇಶದಲ್ಲೇ ರೂಪಿಸಿದವು. 2025ರ ಡಿಸೆಂಬರಿನಲ್ಲಿ ಚಂಡೀಗಢದಲ್ಲಿ ತೇಜಸ್‌ನ ಮುಂಭಾಗವನ್ನು ರಾಕೆಟ್ ಬಂಡಿಯ ಮೇಲೆ ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಕ್ಯಾನೊಪಿ ಒಡೆಯುವುದರಿಂದ ಹಿಡಿದು ಚಾಲಕನ ಪ್ರತಿಕೃತಿ ಪಾರಾಗುವವರೆಗೆ ಪರೀಕ್ಷಿಸಿದರು. ಇಂಥ ಹುರಿ ಇರುವ ಕ್ಯಾನೊಪಿಯನ್ನು ಒರೆಸುವವರೂ ಮೊದಲು ಸೇಫ್ಟಿ ಪಿನ್ ಕೂತಿದೆಯೇ ಎಂದು ನೋಡಿಕೊಂಡೇ ಕೈ ಹಾಕಬೇಕು. ಹುರಿಗೆ ಆಯುಸ್ಸಿನ ಗಡುವು ಇದೆ. ಒಮ್ಮೆಯೂ ಬಳಕೆಯಾಗದಿದ್ದರೂ ಗಡುವಿಗೆ ಸರಿಯಾಗಿ ಬದಲಿಸಬೇಕು.

ವಾಯುಪಡೆಗೆ ಸೇರಿದ ಹುಡುಗರಿಗೆ ಮೊದಲ ತರಬೇತಿ ಸಿಗುವುದು ಬೆಳಗಾವಿಯ ಸಾಂಬ್ರಾದಲ್ಲಿ. ಆಮೇಲೆ ತಾಂತ್ರಿಕ ವಿಭಾಗಕ್ಕೆ ಹೋದವರು ಈ ಕೆಲಸಗಳನ್ನು ಕಲಿಯುತ್ತಾರೆ. ನಮ್ಮ ತಾಲ್ಲೂಕಿನ ಐಟಿಐಗಳಲ್ಲಿ ಲೋಹದ ಕೆಲಸ ಕಲಿಸುವಷ್ಟೇ ಆಸ್ಥೆಯಿಂದ ಅಕ್ರಿಲಿಕ್, ಪಾಲಿಕಾರ್ಬೊನೇಟ್, ಲೇಪ, ಅಂಟುಗಳ ಪಾಠವೂ ಶುರುವಾಗಬೇಕು ಎಂಬುದು ನನ್ನ ಆಗ್ರಹ. ವಿಮಾನದ ಕೆಲಸಕ್ಕೆ ಹೋಗದವರಿಗೂ ಬಸ್ಸಿನ ಕಿಟಕಿಯಿಂದ ಆಸ್ಪತ್ರೆಯ ಉಪಕರಣದವರೆಗೆ ಆ ವಿದ್ಯೆಗೆ ಕೆಲಸವಿದೆ.