ಕೃಷಿ ಪುಡಿಗಳು ಅದಲುಬದಲಾಗದಂತೆ ಮನೆಯಲ್ಲಿ ವಹಿಸಬೇಕಾದ ಎಚ್ಚರ

ರೈತರ ಮನೆಯ ಉಗ್ರಾಣದಲ್ಲಿ ಇಂದು ಹಲವು ಬಗೆಯ ಪುಡಿಗಳು ಒಂದೇ ಕಡೆ ಸೇರಿರುತ್ತವೆ. ಶಿಲೀಂಧ್ರನಾಶಕ, ಕೀಟನಾಶಕ, ಕಳೆನಾಶಕ, ಇಲಿ ಪಾಷಾಣ, ಲಘು ಪೋಷಕಾಂಶ, ಜೈವಿಕ ಗೊಬ್ಬರ, ಸುಣ್ಣ, ಮೈಲುತುತ್ತ, ರಾಸುಗಳಿಗೆ ಕೊಡುವ ಖನಿಜ ಮಿಶ್ರಣ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಅಂಗಡಿಯಿಂದ ತಂದ ದಿನ ಇವುಗಳ ಗುರುತು ತಪ್ಪುವುದಿಲ್ಲ. ಪೊಟ್ಟಣ ಒಡೆದು ಅರ್ಧ ಬಳಸಿದ ಮೇಲೆ ಉಳಿದದ್ದನ್ನು ಕಾಗದದಲ್ಲಿ ಕಟ್ಟಿಯೋ, ಖಾಲಿಯಾದ ಬಿಸ್ಕತ್ತಿನ ಡಬ್ಬಿಗೆ ಸುರಿದೋ ಅಟ್ಟದ ಮೇಲೆ ಇಡುವಲ್ಲಿ ತೊಂದರೆ ಆರಂಭವಾಗುತ್ತದೆ. ಆರು ತಿಂಗಳ ನಂತರ ಮುಂದಿನ ಹಂಗಾಮಿನಲ್ಲಿ ಅದನ್ನು ತೆಗೆಯುವವರು ಬೇರೆ ಯಾರೋ ಆಗಿರುತ್ತಾರೆ.

ಪುಡಿಗಳ ಅದಲುಬದಲಿನಿಂದ ಮೂರು ವಿಧದ ಹಾನಿ ಉಂಟಾಗುತ್ತದೆ. ಬೆಳೆ ಸುಟ್ಟುಹೋಗಬಹುದು, ಮನುಷ್ಯರಿಗೆ ಅಥವಾ ಜಾನುವಾರುಗಳಿಗೆ ವಿಷಬಾಧೆ ತಗಲಬಹುದು, ಇಲ್ಲವೇ ಕಣ್ಣಿಗೆ ಕಾಣುವಂಥದ್ದೇನೂ ಆಗದೆ ಉಪಚಾರವೇ ನಿಷ್ಫಲವಾಗಬಹುದು. ಮೂರನೆಯದು ಬಹುತೇಕ ಯಾರ ಗಮನಕ್ಕೂ ಬರುವುದಿಲ್ಲ. ದೂರು ಔಷಧದ ಮೇಲೋ ಬೀಜದ ಮೇಲೋ ಬೀಳುತ್ತದೆ.

ಬಣ್ಣ ಮತ್ತು ವಾಸನೆಯಿಂದ ಗುರುತಿಸಲಾಗದು

ಮ್ಯಾಂಕೋಜೆಬ್ ಮಾಸಲು ಹಳದಿ, ನೀರಿನಲ್ಲಿ ಬೆರೆಯುವ ಗಂಧಕವೂ ತಿಳಿ ಹಳದಿಯ ಛಾಯೆಯದು. ಕಾರ್ಬೆಂಡಜಿಮ್, ಅಟ್ರಜಿನ್, ಅಸಿಫೇಟ್, 2,4-ಡಿ ಸೋಡಿಯಂ ಲವಣ ಇವು ಬಿಳಿ ಅಥವಾ ಮಾಸಲು ಬಿಳಿ. ಈ ನಾಲ್ಕರಲ್ಲಿ ಒಂದು ಶಿಲೀಂಧ್ರನಾಶಕ, ಒಂದು ಕೀಟನಾಶಕ, ಉಳಿದೆರಡು ಕಳೆನಾಶಕಗಳು. ಶೇ. 50ರ ಪುಡಿಯೆಂದರೆ 100 ಗ್ರಾಂನಲ್ಲಿ 50 ಗ್ರಾಂ ಮಾತ್ರ ಮೂಲ ಔಷಧ. ಉಳಿದದ್ದು ಜೇಡಿ, ಬಳಪದ ಪುಡಿ ಮೊದಲಾದ ವಾಹಕ ಹಾಗೂ ನೀರಿನಲ್ಲಿ ಬೆರೆಯಲು ನೆರವಾಗುವ ವಸ್ತುಗಳು. ಆದ್ದರಿಂದ ಕಣ್ಣಿಗೆ ಕಾಣುವ ಬಣ್ಣವು ಬಹುಮಟ್ಟಿಗೆ ವಾಹಕದ ಬಣ್ಣವಾಗಿರಬಹುದು, ತಯಾರಕರು ಬದಲಾದಂತೆ ಅದೂ ಬದಲಾಗಬಹುದು. ಬೆರಳಿನಲ್ಲಿ ಉಜ್ಜಿ, ಮೂಗಿಗೆ ಹಿಡಿದು ಗುರುತಿಸುವ ಅಭ್ಯಾಸ ಅನೇಕ ಅನುಭವಿ ರೈತರಲ್ಲಿಯೂ ಇದೆ. ಇದರಿಂದ ಗುರುತು ಸಿಗುವುದಿಲ್ಲ. ವಿಷ ಮಾತ್ರ ಚರ್ಮ ಮತ್ತು ಉಸಿರಿನ ಮೂಲಕ ದೇಹಕ್ಕೆ ಸೇರುತ್ತದೆ. ಪುಡಿಗೆ ಇರುವ ಏಕೈಕ ಗುರುತು ಅದರ ಮೂಲ ಪೊಟ್ಟಣ. ಪೊಟ್ಟಣದಿಂದ ಬೇರ್ಪಟ್ಟ ಪುಡಿಯನ್ನು ಬಳಕೆಗೆ ಯೋಗ್ಯವಲ್ಲದ ವಸ್ತುವೆಂದೇ ಪರಿಗಣಿಸಬೇಕು.

ಪೊಟ್ಟಣದ ಮೇಲಿನ ವಜ್ರಾಕೃತಿಯ ಚೌಕದಲ್ಲಿರುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಈ ಬಣ್ಣಗಳು ಮನುಷ್ಯನಿಗೆ ಆಗುವ ತೀವ್ರ ವಿಷತ್ವದ ಪ್ರಮಾಣವನ್ನು ಸೂಚಿಸುತ್ತವೆ. ಕೆಂಪು ಅತ್ಯಂತ ವಿಷಕಾರಿ, ಹಸಿರು ಅಲ್ಪ ವಿಷಕಾರಿ. ಬೆಳೆಗೆ ಸುರಕ್ಷಿತವೇ ಎಂಬುದನ್ನು ಇವು ಹೇಳುವುದಿಲ್ಲ. ಹಲವು ಕಳೆನಾಶಕಗಳ ಮೇಲೆ ನೀಲಿ ಅಥವಾ ಹಸಿರು ತ್ರಿಕೋನವೇ ಇರುತ್ತದೆ. ಅವು ತಪ್ಪು ಬೆಳೆಗೆ ಬಿದ್ದರೆ ಇಡೀ ತಾಕು ನಾಶವಾಗುತ್ತದೆ.

ಕಳೆನಾಶಕ ಮತ್ತು ಇತರ ಪುಡಿಗಳು

ಬೆಳೆಹಾನಿಯ ದೃಷ್ಟಿಯಿಂದ ಅತ್ಯಂತ ದುಬಾರಿಯಾದ ಅದಲುಬದಲು ಇದು. 2,4-ಡಿ ಅಗಲ ಎಲೆಯ ಕಳೆಗಳನ್ನು ಕೊಲ್ಲುತ್ತದೆ. ಹತ್ತಿ, ಟೊಮೆಟೊ, ದ್ರಾಕ್ಷಿ ಇದಕ್ಕೆ ಅತಿ ಸೂಕ್ಷ್ಮ ಬೆಳೆಗಳು. ಅತ್ಯಲ್ಪ ಪ್ರಮಾಣ ತಗಲಿದರೂ ಎಲೆಗಳು ಕಿರಿದಾಗಿ, ತೊಟ್ಟು ತಿರುಚಿ, ಚಿಗುರು ಕೆಳಮುಖವಾಗಿ ಬಾಗುತ್ತದೆ. ಇದನ್ನು ನಂಜಾಣು ರೋಗವೆಂದು ಭಾವಿಸಿ ಮತ್ತೊಂದು ಔಷಧ ಸಿಂಪಡಿಸುವುದೂ ಉಂಟು.

ಹೊಸ ಪೀಳಿಗೆಯ ಕಳೆನಾಶಕಗಳಲ್ಲಿ ಅಪಾಯ ಇನ್ನೂ ಸೂಕ್ಷ್ಮವಾದುದು. ಮೆಟ್‌ಸಲ್ಫ್ಯುರಾನ್ ಮೀಥೈಲ್ ಶೇ. 20ರ ಪುಡಿಯನ್ನು ಎಕರೆಗೆ ಬಳಸುವ ಪ್ರಮಾಣ ಕೇವಲ 8 ಗ್ರಾಂ. ಪೊಟ್ಟಣದ ತಳದಲ್ಲಿ ಉಳಿದ 2 ಗ್ರಾಂ ಪುಡಿ ಕಾಲು ಎಕರೆಯ ಕಳೆ ನಿಯಂತ್ರಣಕ್ಕೆ ಸಾಕಾಗುವಷ್ಟು. ಆ ಪುಡಿ ತಗಲಿದ ಅಳತೆ ಚಮಚವನ್ನೇ ತರಕಾರಿಗೆ ಶಿಲೀಂಧ್ರನಾಶಕ ಅಳೆಯಲು ಬಳಸಿದರೆ ಏನಾಗಬಹುದೆಂಬುದನ್ನು ಇದರಿಂದ ಊಹಿಸಬಹುದು. ಆದ್ದರಿಂದ ಕಳೆನಾಶಕಕ್ಕೆ ಪ್ರತ್ಯೇಕ ಚಮಚ, ಪ್ರತ್ಯೇಕ ಬಕೆಟ್, ಸಾಧ್ಯವಿದ್ದಲ್ಲಿ ಪ್ರತ್ಯೇಕ ಸಿಂಪರಣಾ ಯಂತ್ರ ಇರಬೇಕು. ಅವುಗಳನ್ನು ಇಡುವ ಜಾಗವೂ ಬೇರೆಯಾಗಿರಬೇಕು. ಒಂದೇ ಕೋಣೆಯಾದರೂ ಎದುರು ಗೋಡೆಯ ಕಡೆಗೆ ಇಡುವುದು ಮೇಲು. ಮೇಲಿನ ಹಲಗೆಯಿಂದ ಸುರಿದ ಪುಡಿ ಕೆಳಗಿನ ಪೊಟ್ಟಣದ ಮೇಲೆ ಬೀಳುವುದರಿಂದ, ಪುಡಿ ರೂಪದ ಕಳೆನಾಶಕಗಳನ್ನು ಎಲ್ಲಕ್ಕಿಂತ ಕೆಳಗೆ ಇಡಬೇಕು.

ಸುಣ್ಣವೆಂಬ ಹೆಸರಿನ ಮೂರು ವಸ್ತುಗಳು

ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಕೊಳೆರೋಗದ ಹತೋಟಿಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಲಾಗುತ್ತದೆ. 1 ಕಿ.ಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿ.ಗ್ರಾಂ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತದ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಇಲ್ಲಿ ಸುಣ್ಣವೆಂದರೆ ಸುಟ್ಟ ಸುಣ್ಣ ಅಥವಾ ಅದನ್ನು ಆಗಷ್ಟೇ ಅರಳಿಸಿದ್ದು. ಮಣ್ಣಿನ ಹುಳಿ ತಗ್ಗಿಸಲು ತರುವ ಕೃಷಿ ಸುಣ್ಣ ನೋಡಲು ಅಂತೆಯೇ ಬಿಳಿ ಪುಡಿಯಾದರೂ ಅದು ಕ್ಯಾಲ್ಸಿಯಂ ಕಾರ್ಬೋನೇಟ್. ತೋಟದ ಮನೆಯಲ್ಲಿ ಎರಡೂ ಚೀಲಗಳು ಪಕ್ಕಪಕ್ಕದಲ್ಲಿ ಇರುವುದು ಸಾಮಾನ್ಯ. ಕೃಷಿ ಸುಣ್ಣ ಬಳಸಿದರೆ ತಾಮ್ರ ಸರಿಯಾಗಿ ತಟಸ್ಥಗೊಳ್ಳದೆ ಎಳೆಯ ಕಾಯಿ ಹಾಗೂ ಹಿಂಗಾರದ ಮೇಲೆ ಸುಟ್ಟ ಕಲೆಗಳು ಮೂಡಬಹುದು. ಗಾಳಿಗೆ ತೆರೆದಿಟ್ಟ ಹಳೆಯ ಸುಟ್ಟ ಸುಣ್ಣವೂ ಕಾಲಕ್ರಮದಲ್ಲಿ ಕಾರ್ಬೋನೇಟ್ ಆಗಿ ಮಾರ್ಪಡುತ್ತದೆ ಎಂಬುದನ್ನು ಮರೆಯಬಾರದು. ಮೂರನೆಯದು ಡಾಲೊಮೈಟ್. ಅದರಲ್ಲಿ ಮೆಗ್ನೀಸಿಯಂ ಇದ್ದು, ಮಣ್ಣಿಗೆ ಹಾಕುವುದಕ್ಕಷ್ಟೇ ಉಪಯುಕ್ತ.

ಅದೃಷ್ಟವಶಾತ್ ಈ ಅದಲುಬದಲನ್ನು ಸಿಂಪಡಿಸುವ ಮೊದಲೇ ಪತ್ತೆಹಚ್ಚಬಹುದು. ಹೊಳೆಯುವ ಕಬ್ಬಿಣದ ಚಾಕು ಅಥವಾ ಬ್ಲೇಡನ್ನು ಸಿದ್ಧ ದ್ರಾವಣದಲ್ಲಿ ಕೆಲ ನಿಮಿಷ ಅದ್ದಿದಾಗ ಕೆಂಪು ಮಿಶ್ರಿತ ಕಂದು ಲೇಪ ಕಂಡರೆ ಮುಕ್ತ ತಾಮ್ರ ಉಳಿದಿದೆ ಎಂದರ್ಥ. ಹೊಸ ಸುಣ್ಣದ ತಿಳಿ ಸೇರಿಸಿ, ಲೇಪ ಕಾಣದಾಗುವವರೆಗೆ ಮತ್ತೆ ಪರೀಕ್ಷಿಸಬೇಕು. ಬೇರೆ ಬಹುತೇಕ ಪುಡಿಗಳಿಗೆ ಇಂತಹ ಸುಲಭ ಪರೀಕ್ಷೆ ಇಲ್ಲ.

ಜೈವಿಕ ಪುಡಿಗಳು ಮತ್ತು ಲಘು ಪೋಷಕಾಂಶಗಳು

ಟ್ರೈಕೋಡರ್ಮಾ ಮತ್ತು ಸ್ಯೂಡೋಮೊನಾಸ್ ಬಳಪದ ಪುಡಿಯ ವಾಹಕದಲ್ಲಿ ದೊರೆಯುತ್ತವೆ. ಕಾರ್ಬೆಂಡಜಿಮ್ ಪುಡಿಯ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುವುದು ಕಷ್ಟ. ಟ್ರೈಕೋಡರ್ಮಾ ಸ್ವತಃ ಒಂದು ಶಿಲೀಂಧ್ರ. ಅದನ್ನು ಬೆರೆಸಿ ಹದಗೊಳಿಸಿದ ಕೊಟ್ಟಿಗೆ ಗೊಬ್ಬರಕ್ಕೆ ಕಾರ್ಬೆಂಡಜಿಮ್ ಸೇರಿದರೆ, ಬೆಳೆಸಿದ್ದೆಲ್ಲ ಸತ್ತುಹೋಗುತ್ತದೆ. ಗೊಬ್ಬರ ನೋಡಲು ಹಾಗೆಯೇ ಇರುತ್ತದೆ.

ರೈಜೋಬಿಯಂ, ಅಜೋಸ್ಪೈರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಇವು ಲಿಗ್ನೈಟ್ ವಾಹಕದಲ್ಲಿದ್ದಾಗ ಎಲ್ಲವೂ ಕಪ್ಪು ಪುಡಿಗಳೇ. ರೈಜೋಬಿಯಂನಲ್ಲಿಯೂ ಸೋಯಾ ಅವರೆಯ ತಳಿ ಕಡಲೆಗೆ ಕೆಲಸ ಮಾಡದು. ಕಡಲೆಯದು ತೊಗರಿಗೆ ಒಗ್ಗದು. ಪೊಟ್ಟಣದ ಮೇಲಿರುವ ಬೆಳೆಯ ಹೆಸರನ್ನು ಓದದೆ ಬೀಜೋಪಚಾರ ಮಾಡಬಾರದು. ಒಂದೇ ಬೀಜಕ್ಕೆ ರಾಸಾಯನಿಕ ಮತ್ತು ಜೈವಿಕ ಎರಡೂ ಉಪಚಾರ ಬೇಕಿದ್ದಲ್ಲಿ ಮೊದಲು ಶಿಲೀಂಧ್ರನಾಶಕ, ಬಳಿಕ ಕೀಟನಾಶಕ, ಕೊನೆಯಲ್ಲಿ ರೈಜೋಬಿಯಂ ಎಂಬ ಕ್ರಮವನ್ನು ಪಾಲಿಸಬೇಕು.

ಸತುವಿನ ಸಲ್ಫೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಹರಳುಗಳು ನೋಡಲು ಒಂದೇ ರೀತಿ ಇರುತ್ತವೆ. ಇವುಗಳಿಗೆ ಮಾತ್ರ ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆ ಉಂಟು. ಡಿ.ಎ.ಪಿ. ಗೊಬ್ಬರದ ತಿಳಿಗೆ ಸತುವಿನ ಸಲ್ಫೇಟ್ ದ್ರಾವಣ ಸೇರಿಸಿದರೆ ದಟ್ಟವಾದ ಗಸಿ ಉಂಟಾಗುತ್ತದೆ. ಮೆಗ್ನೀಸಿಯಂ ಸಲ್ಫೇಟ್ ಸೇರಿಸಿದಾಗ ಹಾಗಾಗುವುದಿಲ್ಲ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲಗಳನ್ನು ಇವುಗಳಿಂದ ದೂರವಿಡಬೇಕು. ಬೋರಾನಿನಲ್ಲಿ ಕೊರತೆಗೂ ವಿಷತ್ವಕ್ಕೂ ನಡುವಿನ ಅಂತರ ಬಹಳ ಕಿರಿದು. ಸತುವಿಗೆಂದು ಅಳೆದ ಪ್ರಮಾಣದಲ್ಲಿ ಬೋರಾನ್ ಬಿದ್ದರೆ ಎಲೆಯಂಚು ಸುಡುತ್ತದೆ.

ಮನೆಯೊಳಗೆ ಬರಬಾರದ ಪುಡಿಗಳು

ಇಲಿ ನಿಯಂತ್ರಣಕ್ಕೆ ಬಳಸುವ ಸತುವಿನ ಫಾಸ್ಫೈಡ್ ಕಪ್ಪು ಮಿಶ್ರಿತ ಬೂದು ಬಣ್ಣದ ಪುಡಿ. ಕಪ್ಪು ಹಲ್ಲುಪುಡಿ ಬಳಸುವ ಮನೆಗಳಲ್ಲಿ ಇದು ಬಚ್ಚಲ ಗೂಡಿಗೆ ಬಂದು ಕೂತರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ. ಹೊಟ್ಟೆಯ ಆಮ್ಲದೊಡನೆ ಸೇರಿದಾಗ ಇದರಿಂದ ಫಾಸ್ಫೀನ್ ಎಂಬ ವಿಷಾನಿಲ ಬಿಡುಗಡೆಯಾಗುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಧಾನ್ಯ, ಎಣ್ಣೆ ಸೇರಿಸಿ ತಯಾರಿಸಿದ ವಿಷದ ತಿಂಡಿ ಉಳಿಯದಂತೆ ಅಗತ್ಯವಿದ್ದಷ್ಟೇ ಮಾಡಬೇಕು. ಅಡುಗೆಯ ಪಾತ್ರೆ, ಒಳಕಲ್ಲು, ಸೌಟು ಬಳಸಕೂಡದು.

ಆಹಾರದೊಡನೆ ವಿಷ ಬೆರೆತ ಘಟನೆಗಳಿಂದಲೇ ನಮ್ಮ ದೇಶದ ಕಾನೂನು ರೂಪುಗೊಂಡಿದೆ. 1958ರಲ್ಲಿ ಕೇರಳ ಮತ್ತು ಮದರಾಸು ಭಾಗದಲ್ಲಿ ಪ್ಯಾರಾಥಿಯಾನ್ ಸೋಂಕಿದ ಹಿಟ್ಟು, ಸಕ್ಕರೆ ತಿಂದು ನೂರಕ್ಕೂ ಹೆಚ್ಚು ಜನ ಮೃತಪಟ್ಟರು. ಹಡಗಿನಲ್ಲಿ ಆಹಾರ ಮತ್ತು ಕೀಟನಾಶಕವನ್ನು ಒಟ್ಟಿಗೆ ಸಾಗಿಸಿದ್ದೇ ಇದಕ್ಕೆ ಕಾರಣವಾಗಿತ್ತು. ಅದರ ತನಿಖೆಯ ಫಲವಾಗಿ 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು ಜಾರಿಗೆ ಬಂದವು. ಇರಾಕಿನಲ್ಲಿ 1971-72ರಲ್ಲಿ ಪಾದರಸಯುಕ್ತ ಔಷಧದಿಂದ ಉಪಚರಿಸಿದ ಬಿತ್ತನೆ ಗೋಧಿಯನ್ನು ರೈತ ಕುಟುಂಬಗಳು ರೊಟ್ಟಿ ಮಾಡಿ ತಿಂದವು. ಅಧಿಕೃತ ಲೆಕ್ಕದಂತೆ 6530 ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ 459 ಮಂದಿ ಸತ್ತರು. ಚೀಲಗಳ ಮೇಲೆ ಎಚ್ಚರಿಕೆ ಇತ್ತು, ಆದರೆ ಅಲ್ಲಿನ ಜನರ ಭಾಷೆಯಲ್ಲಿ ಇರಲಿಲ್ಲ. ತೊಳೆದಾಗ ಬಣ್ಣ ಹೋಯಿತು, ವಿಷ ಹೋಗಲಿಲ್ಲ. ನಮ್ಮಲ್ಲಿಯೂ ಉಪಚರಿಸಿದ ಶೇಂಗಾ, ತೊಗರಿ, ಜೋಳದ ಬೀಜ ಬಿತ್ತಿ ಉಳಿದಾಗ ತೊಳೆದು ಬಳಸಬಹುದೆಂಬ ಭಾವನೆ ಇದೆ, ಇದು ಸಲ್ಲದು. ಅದನ್ನು ಕೋಳಿ, ರಾಸುಗಳಿಗೂ ಹಾಕಬಾರದು.

ಹಳೆಯ ಮನೆಗಳ ಅಟ್ಟದಲ್ಲಿ ಬಿ.ಎಚ್.ಸಿ. ಪುಡಿ ಈಗಲೂ ಸಿಗುವುದುಂಟು. ಅದರ ಬಳಕೆ 1997ರಲ್ಲೇ ನಿಷೇಧವಾಗಿದೆ. ಮೀಥೈಲ್ ಪ್ಯಾರಾಥಿಯಾನ್ 2018ರಲ್ಲಿ, ಫೋರೇಟ್ 2020ರ ಅಂತ್ಯದಲ್ಲಿ ನಿಷೇಧಗೊಂಡವು. ಇವು ದೊರೆತಲ್ಲಿ ಬಳಸಬಾರದು.

ಒಂದು ಬಾರಿಗೆ ಒಂದೇ ಪೊಟ್ಟಣ

ಮೇಲೆ ಹೇಳಿದ ಎಲ್ಲ ಸಂದರ್ಭಗಳಿಗೂ ಅನ್ವಯಿಸುವ ರೂಢಿಯೊಂದಿದೆ. ಔಷಧ ಅಳೆಯುವ ಸ್ಥಳದಲ್ಲಿ ಯಾವ ಸಮಯದಲ್ಲಿಯೂ ತೆರೆದ ಪೊಟ್ಟಣ ಒಂದೇ ಇರಬೇಕು. ಅಳೆದ ಕೂಡಲೇ ಬಾಯಿ ಮಡಿಚಿ, ಕಟ್ಟಿ, ಅದನ್ನು ಅದರ ಜಾಗಕ್ಕೆ ಸೇರಿಸಿದ ನಂತರವೇ ಎರಡನೆಯದನ್ನು ತೆರೆಯಬೇಕು. ಎರಡು ಔಷಧ ಬೆರೆಸುವ ಶಿಫಾರಸು ಇದ್ದಾಗಲೂ ಹೀಗೆಯೇ. ಕೆಲಸ ನಿಧಾನವಾಗುತ್ತದೆ ಎಂಬ ಆಕ್ಷೇಪ ಕೇಳಿಬರುತ್ತದೆ. ನಿಧಾನವಾಗುವುದು ನಿಜ, ಪ್ರತಿ ಪೊಟ್ಟಣಕ್ಕೆ ಒಂದೆರಡು ನಿಮಿಷ.

ಅಳತೆ ಮಾಡಿ ಉಳಿದ ಪುಡಿಯನ್ನು ಎಷ್ಟೇ ಕಡಿಮೆಯಿದ್ದರೂ ಅದರದೇ ಪೊಟ್ಟಣಕ್ಕೆ ಹಾಕಬೇಕು. ಯಾವುದರದೆಂದು ಸಂದೇಹ ಬಂದರೆ ಯಾವ ಪೊಟ್ಟಣಕ್ಕೂ ಹಾಕಬಾರದು. ಪೊಟ್ಟಣ ಹರಿದಿದ್ದರೆ ಪುಡಿಯನ್ನು ಬೇರೆಡೆಗೆ ಸುರಿಯದೆ, ಪೊಟ್ಟಣವನ್ನೇ ದಪ್ಪನೆಯ ಪಾರದರ್ಶಕ ಚೀಲದೊಳಗೆ ಇಟ್ಟು ಕಟ್ಟಬೇಕು. ತೆರೆಯುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವಿರುವ ಭಾಗವನ್ನು ಕತ್ತರಿಸಬಾರದು. ತೆರೆದ ದಿನವನ್ನು ಅಳಿಸಲಾಗದ ಶಾಯಿಯಲ್ಲಿ ಬರೆಯುವುದು ಒಳ್ಳೆಯದು. ಮೊಬೈಲಿನಲ್ಲಿ ಪೊಟ್ಟಣದ ಎರಡೂ ಬದಿಯ ಚಿತ್ರ ತೆಗೆದಿಟ್ಟರೆ ಅವಘಡದ ಸಂದರ್ಭದಲ್ಲಿ ವೈದ್ಯರಿಗೆ ಬಹಳ ಅನುಕೂಲ.

ಕನ್ನಡ ಓದಲು ಬಾರದ ಕೂಲಿಕಾರ್ಮಿಕರು ಈಗ ಅನೇಕ ತೋಟಗಳಲ್ಲಿ ದುಡಿಯುತ್ತಿದ್ದಾರೆ. ಅಂತಹ ಕಡೆ ಕಳೆನಾಶಕದ ಪೊಟ್ಟಣ, ಚಮಚ, ಬಕೆಟ್ ಮೂರಕ್ಕೂ ಒಂದೇ ಬಣ್ಣದ ಅಂಟುಪಟ್ಟಿ ಸುತ್ತುವುದು ಉಪಯುಕ್ತ. ಅಳೆಯುವ ಕೆಲಸವನ್ನು ಮಾತ್ರ ಮಾಲೀಕರು ಅಥವಾ ಓದಬಲ್ಲ ಒಬ್ಬರೇ ಮಾಡಬೇಕು.

ವಿಸ್ತರಣಾ ಕಾರ್ಯಕರ್ತರು ಶಿಫಾರಸು ಬರೆಯುವಾಗ ವಾಣಿಜ್ಯ ಹೆಸರಿನ ಜೊತೆಗೆ ಮೂಲ ಔಷಧದ ಹೆಸರು, ಶೇಕಡಾ ಪ್ರಮಾಣ, ರೂಪ ಇವನ್ನು ಬರೆದುಕೊಡಬೇಕು. ಒಂದೇ ವಾಣಿಜ್ಯ ಹೆಸರಿನ ಹಿಂದೆಮುಂದೆ ಒಂದಕ್ಷರ ಸೇರಿಸಿ ಬೇರೆ ಔಷಧ ಮಾರುವುದು ಮಾರುಕಟ್ಟೆಯಲ್ಲಿದೆ. ಕ್ಷೇತ್ರ ಭೇಟಿಯಲ್ಲಿ ಬೆಳೆಯನ್ನು ನೋಡಿದಂತೆ ಉಗ್ರಾಣವನ್ನೂ ಒಮ್ಮೆ ನೋಡುವುದು ಸೂಕ್ತ. ಕಾರಣ ತಿಳಿಯದ ಅನೇಕ ಬೆಳೆಹಾನಿಗಳಿಗೆ ಉತ್ತರ ಅಲ್ಲಿ ಸಿಗುತ್ತದೆ. ಪೀಡೆನಾಶಕಗಳನ್ನು ಬಿಡಿಯಾಗಿ ತೂಗಿ ಮಾರುವುದು ನಿಯಮಬಾಹಿರ. ಕಂಡುಬಂದರೆ ಕೃಷಿ ಇಲಾಖೆಯ ಗಮನಕ್ಕೆ ತರಬೇಕು.

ಅದಲುಬದಲಾಗಿದೆ ಎಂದು ತಿಳಿದಾಗ

ಗುರುತಿಲ್ಲದ ಪುಡಿಯನ್ನು ಬಾವಿ, ಕಾಲುವೆ, ತಿಪ್ಪೆಗೆ ಹಾಕಬಾರದು, ಸುಡಬಾರದು. ಎರಡು ಪದರದ ಚೀಲದಲ್ಲಿ ಕಟ್ಟಿ, "ಗುರುತಿಲ್ಲದ ಪುಡಿ, ಬಳಸಬೇಡಿ" ಎಂದು ಬರೆದು, ಬೀಗವಿರುವ ಜಾಗದಲ್ಲಿಟ್ಟು, ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬೇಕು. ಟ್ಯಾಂಕಿಗೆ ತಪ್ಪು ಪುಡಿ ಹಾಕಿದ್ದು ಗೊತ್ತಾದರೆ ದ್ರಾವಣ ವ್ಯರ್ಥವಾಗುವುದೆಂದು ಸಿಂಪಡಿಸಬಾರದು. ಈಗಾಗಲೇ ಸಿಂಪಡಿಸಿದ್ದಲ್ಲಿ ಯಾವ ಪುಡಿ, ಎಷ್ಟು, ಯಾವ ಸಾಲಿನವರೆಗೆ ಎಂಬುದನ್ನು ಅಂದೇ ಬರೆದಿಡಬೇಕು.

ಯಾರಾದರೂ ಸೇವಿಸಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ, ಪೊಟ್ಟಣದೊಡನೆ ಆಸ್ಪತ್ರೆಗೆ ಕರೆದೊಯ್ಯಬೇಕು. ವೈದ್ಯರ ಸೂಚನೆಯಿಲ್ಲದೆ ವಾಂತಿ ಮಾಡಿಸುವುದಾಗಲಿ, ಹಾಲು, ಉಪ್ಪುನೀರು ಕುಡಿಸುವುದಾಗಲಿ ಕೂಡದು. ಇಲಿ ಪಾಷಾಣ ಸೇವಿಸಿದವರ ವಾಂತಿಯಿಂದಲೂ ವಿಷಾನಿಲ ಹೊರಡುವುದರಿಂದ ವಾಹನದ ಕಿಟಕಿಗಳನ್ನು ತೆರೆದಿಡಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಬೆಳೆ ಸಂಬಂಧಿತ ಸಲಹೆಗೆ ಕಿಸಾನ್ ಕಾಲ್ ಸೆಂಟರ್ 1800 180 1551. ರಾಸುಗಳು ಯೂರಿಯಾ ಅಥವಾ ಬೇರಾವುದೇ ಪುಡಿ ನೆಕ್ಕಿದ್ದು ಕಂಡುಬಂದರೆ ಹೊಟ್ಟೆಯುಬ್ಬರ, ನಡುಕ ಕಾಣಿಸುವವರೆಗೆ ಕಾಯದೆ ಪಶುವೈದ್ಯರನ್ನು ಕರೆಸಬೇಕು.