ಅಕೌಂಟ್ ನಂದೇ, ವಿಳಾಸ ಮಾತ್ರ ನಂದಲ್ಲ

ಮೊನ್ನೆ ಭಾನುವಾರ ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ, ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಚಿಕ್ಕಪ್ಪನ ಮಗ ಮಗ್ಗದ ಪಕ್ಕ ಮೊಬೈಲ್ ಹಿಡಿದು ಸಪ್ಪಗೆ ಕೂತಿದ್ದ. "ಅಣ್ಣಾ, ಗೇಮು ಮತ್ತೆ ಕೋಡ್ ಕೇಳ್ತೈತೆ. ಕೋಡ್ ಹೋಗೋದು ಹಳೇ ನಂಬರಿಗೆ" ಅಂದ. ರೀಚಾರ್ಜ್ ಮಾಡದೆ ಆ ಸಿಮ್ ಬಂದ್ ಆಗಿತ್ತು. ಮೂರು ವರ್ಷ ಆಡಿ ಗಳಿಸಿದ್ದೆಲ್ಲ ಬಾಗಿಲ ಒಳಗೆ, ಇವನು ಹೊರಗೆ.

ಅವನ ಪ್ರಶ್ನೆ ನ್ಯಾಯವಾಗೇ ಇತ್ತು. ಫೋನ್ ಅದೇ, ಪಾಸ್‌ವರ್ಡ್ ಅದೇ, ಕೂತ ಜಾಗಾನೂ ಅದೇ. ಮತ್ತೆ ಯಾಕೆ ನೀನ್ಯಾರು ಅಂತ ಕೇಳ್ತಾರೆ? ಇವತ್ತಿನ ಸಂಚಿಕೆ ಅದರ ಬಗ್ಗೆ.

ನಾವು ಇವತ್ತಿಗೂ ಬಳಸುವ ಐಪಿ ವಿಳಾಸದ ನಿಯಮ ಪ್ರಕಟವಾದದ್ದು 1981ರ ಸೆಪ್ಟೆಂಬರ್‌ನಲ್ಲಿ. ನಾಲ್ಕು ಸಂಖ್ಯೆ, ಒಂದೊಂದೂ 0ಯಿಂದ 255ರೊಳಗೆ. ಲೆಕ್ಕ ಹಾಕಿದರೆ ಸುಮಾರು 429 ಕೋಟಿ ವಿಳಾಸ. ಆಗ ಈ ಜಾಲಕ್ಕೆ ಸೇರಿದ ಕಂಪ್ಯೂಟರ್ ಇದ್ದದ್ದು ಹೆಚ್ಚಾಗಿ ವಿಶ್ವವಿದ್ಯಾಲಯ, ಸೇನೆ, ಪ್ರಯೋಗಾಲಯಗಳಲ್ಲಿ. ಅಷ್ಟು ಧಾರಾಳ ಸಾಕು ಅನ್ನಿಸಿತ್ತು.

ಇನ್ನು ಗೇಮುಗಳ ಕಡೆ ಬನ್ನಿ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಅಕೌಂಟುಗಳನ್ನ ಕದ್ದು, ಆಟದೊಳಗಿನ ಚಿನ್ನವನ್ನ ನಿಜವಾದ ದುಡ್ಡಿಗೆ ಮಾರೋರು ಹುಟ್ಟಿಕೊಂಡರು. ಅದಕ್ಕೇ ಬ್ಲಿಜಾರ್ಡ್ ಕಂಪನಿ 2008ರಲ್ಲಿ ಕೋಡ್ ತೋರಿಸುವ ಪುಟ್ಟ ಸಾಧನ ಕೊಟ್ಟಿತು. ಪ್ರತಿ ಸಲ ಕೋಡ್ ಹಾಕೋದು ರಗಳೆ ಅಲ್ವಾ? 2011ರ ಜೂನ್‌ನಲ್ಲಿ ಒಂದು ರಿಯಾಯಿತಿ ಬಂತು: ದಿನಾ ಒಂದೇ ಜಾಗದಿಂದ ಬರೋರಿಗೆ ಕೋಡ್ ಕೇಳದೇ ಇರಬಹುದು. ಕಿರಾಣಿ ಅಂಗಡಿಯವರು ಗುರುತಿನ ಗಿರಾಕಿಗೆ ಸಾಲ ಕೊಟ್ಟ ಹಾಗೆ.

ಆದರೆ ಅದೇ 2011ರಲ್ಲಿ ಇನ್ನೊಂದು ನಡೀತು. ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನಲ್ಲಿದ್ದ ಕೊನೇ ವಿಳಾಸದ ಕಂತುಗಳನ್ನ ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿ ಕೈ ತೊಳೆದುಕೊಂಡರು. ಏಪ್ರಿಲ್‌ನಲ್ಲಿ ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ಸಂಸ್ಥೆ ಏಪ್ನಿಕ್ ಕೊನೇ ಕಂತಿಗೆ ಬಂದು ರೇಷನ್ ಶುರು ಮಾಡಿತು. ಅಂದರೆ, ಗೇಮುಗಳು ವಿಳಾಸವನ್ನ ನಂಬೋಕೆ ಹೊರಟ ವರ್ಷಾನೇ ವಿಳಾಸ ಖಾಲಿಯಾದವು.

ಕಾಮರ್ಸ್ ಓದಿದವನು ನಾನು. ಸರಕು ಕಮ್ಮಿ, ಗಿರಾಕಿ ಜಾಸ್ತಿ ಆದಾಗ ಏನಾಗುತ್ತೆ? ಹಂಚಿಕೆ. ಮೊಬೈಲ್ ಕಂಪನಿಗಳು ಒಂದು ವಿಳಾಸದ ಹಿಂದೆ ನೂರಾರು ಫೋನ್ ಕೂರಿಸಿದವು. ಒಂದೇ ಡೋರ್ ನಂಬರಿನ ವಠಾರ ಇದ್ದಂಗೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ನಮ್ಮಂಥ ಊರುಗಳ ಹುಡುಗರು ಇಂಟರ್ನೆಟ್ಟಿಗೆ ಇಳಿದದ್ದು ಹೆಚ್ಚಾಗಿ ಈ ವಠಾರಗಳಿಂದಲೇ. ನೆಟ್‌ವರ್ಕ್ ಹೋಗಿ ಬಂದರೆ ಬೇರೆ ವಿಳಾಸ. ಜೊತೆಗೆ ಡೇಟಾ ಹೊರಗೆ ಹೋಗೋದು ದೊಡ್ಡ ಊರಿನ ಕೇಂದ್ರದಿಂದ. ಹಾಗಾಗಿ ಮಗ್ಗದ ಪಕ್ಕದಿಂದ ಏಳದ ಹುಡುಗ ಗೇಮಿನ ಕಣ್ಣಿಗೆ ಬೆಳಿಗ್ಗೆ ಬೆಂಗಳೂರಲ್ಲಿ, ಸಂಜೆ ಚೆನ್ನೈಯಲ್ಲಿ ಕಾಣಬಹುದು. ವಠಾರದಲ್ಲಿ ಒಬ್ಬ ಮೋಸದಾಟ ಆಡಿ ಸಿಕ್ಕಿಬಿದ್ದರೂ ಅನುಮಾನ ಎಲ್ಲರ ಮೇಲೆ. ಐಪಿವಿ6 ಎಂಬ ಹೊಸ ಪದ್ಧತಿಯಲ್ಲಿ ವಿಳಾಸಕ್ಕೆ ಬರವಿಲ್ಲ, ನಿಜ. ಆದರೆ ಗೇಮಿನ ಸರ್ವರ್ ಹಳೇ ಪದ್ಧತಿಯಲ್ಲೇ ಇದ್ದರೆ ಮತ್ತೆ ವಠಾರಕ್ಕೇ ಬರಬೇಕು.

ಊಟ ಆದ ಮೇಲೆ ಇಬ್ಬರೂ ಬ್ರಹ್ಮಗಿರಿ ಕಡೆ ಹೋದ್ವಿ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನ ಅಲ್ಲೈತೆ. ಸುವರ್ಣಗಿರಿಯ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಬಂದ ಸಂದೇಶ ಅದು. ಮೊದಲು ಯಾರು ಕಳಿಸಿದ್ದು ಅಂತ ಹೇಳಿ, ಆರೋಗ್ಯ ಹಾರೈಸಿ, ಕೊನೆಗೆ ಬರೆದ ಚಪಡನ ಹೆಸರು. ಅವನ ವೃತ್ತಿಯನ್ನ ಹೇಳುವ ಪದ ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ. ಯಾವ ದಾರೀಲಿ ಬಂತು ಅಂತಲ್ಲ, ಯಾರದು ಅಂತ ಐತೆ. ಗೇಮಿನವರು ಕೇಳಬೇಕಾದ್ದೂ ಅದನ್ನೇ.

ನನಗೆ ಭಯ ಇರೋದು ಬೇರೆ. ದಿನಾ ಕೋಡ್ ಕೇಳಿಸಿಕೊಂಡೂ ಕೇಳಿಸಿಕೊಂಡೂ, ಯಾರು ಕೇಳಿದರೂ ಹೇಳಿಬಿಡೋದು ರೂಢಿಯಾಗುತ್ತೆ. ನಾಳೆ ಫೋನಲ್ಲಿ ಕೇಳೋನು ಅಪ್ಪನ ಬ್ಯಾಂಕ್ ಖಾತೆಯ ಕಳ್ಳ ಆಗಿರಬಹುದು. ಅದಕ್ಕೇ ಮೂರು ಮಾತು. ಸಿಮ್ ಬದಲಿಸೋಕೆ ಮುಂಚೆ ಅಕೌಂಟಿನ ನಂಬರ್ ಬದಲಿಸಿ. ಬ್ಯಾಕಪ್ ಕೋಡ್ ಕೊಟ್ಟರೆ ಪುಸ್ತಕದಲ್ಲಿ ಬರೆದಿಡಿ. ಬಂದ ಕೋಡನ್ನ ಯಾರಿಗೂ ಬಾಯಿಬಿಟ್ಟು ಹೇಳಬೇಡಿ.

ತಮ್ಮ ಹಳೇ ಖರೀದಿ ರಸೀದಿ ಹುಡುಕಿ ಗೇಮಿನವರಿಗೆ ಕಳಿಸಿದಾನೆ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ.